ಎರಡು ಕೊಂಡಿ ಕಡಿಮೆ ಮಾಡಿದ ಚೈನು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕುಳಿತು ಎದ್ದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಕಣ್ಣಿನ ಆಪರೇಷನ್ ಆಗಲಿ ಎಂದೆ, ಒಮ್ಮೆ ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಎರಡೂ ಆಗಿ ಹೋದವು. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು, ಬರವಣಿಗೆ ನನ್ನ ಕಸುಬಲ್ಲ. ಸೈಕಲ್ ರಿಪೇರಿ ನನ್ನ ಕಸುಬು. ಆ ಕಸುಬಿನಲ್ಲಿ ಮಾಡಿದ ಒಂದು ತಪ್ಪು ಮತ್ತು ಅದನ್ನು ಮುಚ್ಚಲು ಆಡಿದ ಒಂದು ಮಾತು, ಇವೆರಡನ್ನೂ ಹೇಳಿಬಿಡಬೇಕು.

ಕೆಲಸ ಕಲಿತದ್ದು ಸವಣೂರಿನಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಎಲೆಬಳ್ಳಿ ತೋಟಗಳಿಂದ ವೀಳ್ಯದೆಲೆಯ ಬುಟ್ಟಿ ಹೇರಿಕೊಂಡು ಬರುವ ಕರಿ ಸೈಕಲ್ಲುಗಳೇ ನಮ್ಮ ಗಿರಾಕಿಗಳು. ಭಾರಕ್ಕೆ ಚೈನು ಬೇಗ ಸವೆದು ಉದ್ದವಾಗುತ್ತಿತ್ತು. ಆಗ ಹಿಂದಿನ ಗಾಲಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ಬಿಗಿ ಮಾಡುತ್ತಿದ್ದೆವು. ಎಳೆಯಲು ಜಾಗ ಮುಗಿದರೆ ಪಿನ್ನು ಹೊಡೆದು ಒಂದು ಕೊಂಡಿ ತೆಗೆದು ಮತ್ತೆ ಜೋಡಿಸುತ್ತಿದ್ದೆವು. ‘ಒಂದು ಕೊಂಡಿ ತಗದ್ರ ಒಂದು ವರ್ಷ ಬಂತು’ ಎಂದು ಉಸ್ತಾದರು ಹೇಳುತ್ತಿದ್ದರು. ಚೈನು ತಾನಾಗಿ ಹರಿಯುವವರೆಗೆ ಅದನ್ನು ಬದಲಿಸಿದವರನ್ನು ನಾನು ಸವಣೂರಿನಲ್ಲಿ ಕಂಡಿಲ್ಲ.

ಮದುವೆಯಾದ ಮೇಲೆ ಹೆಂಡತಿಯ ಊರಾದ ಹಿರೇಕೆರೂರು ಕಡೆಗೆ ಹೋಗಿ, ಚಿಕ್ಕೇರೂರಿನಲ್ಲಿ ಅಂಗಡಿ ಹಾಕಿದೆ. ನಲವತ್ತು ವರ್ಷ ಅದೇ ನನ್ನ ಜಾಗ. ಕೊನೆಕೊನೆಗೆ ಗೇರಿನ ಸೈಕಲ್ಲುಗಳು ಬರತೊಡಗಿದವು. ದಪ್ಪ ಟಾಯರು, ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು. ಚೈನನ್ನು ಬಿಗಿಯಾಗಿ ಹಿಡಿಯಲು ಹಿಂದೆ ಸ್ಪ್ರಿಂಗಿನ ಒಂದು ಕೈ ಜೋತಾಡುತ್ತಿರುತ್ತದೆ. ನನಗೆ ಅದರ ಮರ್ಮ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಯಾರ ಮುಂದೆಯೂ ಒಪ್ಪಿಕೊಳ್ಳಲೂ ಇಲ್ಲ.

ಅಂಥ ಒಂದು ಸೈಕಲ್ಲು ಹತ್ತಿರದ ಹಳ್ಳಿಯ ನರ್ಸಬಾಯಿಯದು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಗಂಡ ಗೋವಿನಜೋಳ ಬೆಳೆಯುವ ರೈತ. ಹೊಲದ ಮನೆಗಳಿಗೆ ಹೋಗುವ ದಾರಿಯಲ್ಲಿ ಸ್ಕೂಟಿ ಹೂತುಕೊಳ್ಳುತ್ತದೆಂದು ಆಕೆ ಗೇರಿನ ಸೈಕಲ್ ತರಿಸಿಕೊಂಡಿದ್ದರು. ಬ್ಯಾಗು ಹಿಂದೆ ಕಟ್ಟಿಕೊಂಡು ದಿನಾ ಬೆಳಗ್ಗೆ ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದರು. ನನ್ನ ಕಾಲಿನ ಹುಣ್ಣು ಮಾಯದೆ ಕೊಳೆಯುತ್ತಿದ್ದಾಗ ಹದಿನೈದು ದಿನ ಅಂಗಡಿಗೇ ಬಂದು ಪಟ್ಟಿ ಕಟ್ಟಿದ್ದರು. ಕೈ ಅಷ್ಟು ಹಗುರ. ಪಟ್ಟಿ ಬಿಚ್ಚಿದ್ದೇ ತಿಳಿಯುತ್ತಿರಲಿಲ್ಲ.

ಒಂದು ಮಳೆಗಾಲದ ಕೊನೆಗೆ ಆಕೆ ಸೈಕಲ್ ತಂದು ನಿಲ್ಲಿಸಿದರು. ತುಳಿದಾಗ ಚೈನು ಹಲ್ಲಿನ ಮೇಲೆ ಜಾರಿ ‘ಟಕ್’ ಎನ್ನುತ್ತಿತ್ತು. ಬ್ಯಾಗಿನಿಂದ ಒಂದು ಫೂಟಿನ ಸ್ಕೇಲು ತೆಗೆದು ಚೈನಿನ ಮೇಲೆ ಇಟ್ಟು ತೋರಿಸಿದರು. ಹೊಸ ಚೈನಾದರೆ ಹನ್ನೆರಡು ಕೊಂಡಿ ಸರಿಯಾಗಿ ಹನ್ನೆರಡು ಇಂಚಿಗೆ ಬರಬೇಕಂತೆ. ಇಲ್ಲಿ ಪಿನ್ನು ಸ್ಕೇಲಿನ ತುದಿ ದಾಟಿ ಎರಡು ಗೆರೆ ಆಚೆಗಿತ್ತು.

“ಹೊಸಾದು ಹಾಕ್ರಿ ಕಾಕಾ. ಗಟ್ಟಿ ಬಾಳೂದು, ಏಳು ಗೇರಿಂದು ಅಂತ ಕೇಳಿ ತರಸ್ರಿ. ಮೊಬೈಲಿನಾಗ ನೋಡೇನಿ.”

ಪಕ್ಕದ ಟೀ ಅಂಗಡಿಯಲ್ಲಿ ಕುಳಿತಿದ್ದ ನಾಲ್ಕು ಜನರ ಮುಂದೆ ಆ ಮಾತು ನನ್ನನ್ನು ಚುಚ್ಚಿತು. “ಆ ಮೊಬೈಲಿನ ಕೈಗೆ ಎಂದರ ಗ್ರೀಸ್ ಹತ್ತೇತೇನಬೇ ಯವ್ವಾ?” ಎಂದೆ. ಎಲ್ಲರೂ ನಕ್ಕರು. ಆಕೆಯೂ ನಕ್ಕು, ನಿಮಗೆ ತಿಳಿದ ಹಾಗೆ ಮಾಡಿ ಎಂದರು.

ನನಗೆ ತಿಳಿದದ್ದು ಒಂದೇ. ಎರಡು ಕೊಂಡಿ ತೆಗೆದೆ. ಜೋತಾಡುತ್ತಿದ್ದ ಸ್ಪ್ರಿಂಗಿನ ಕೈ ಬಿಗಿಯಾಯಿತು, ಸದ್ದೂ ನಿಂತಿತು. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ಲನ್ನು ಚೈನಿಗೆಲ್ಲ ಬಳಿದೆ. ಆಮೇಲೆ ಸ್ಟ್ಯಾಂಡಿನ ಮೇಲೆ ಪೆಡಲ್ ತಿರುಗಿಸುತ್ತ ಒಂದೊಂದೇ ಗೇರು ಬದಲಿಸಿ ನೋಡಿದೆ. ಮುಂದಿನ ದೊಡ್ಡ ಚಕ್ರದಲ್ಲಿ ಚೈನು ಇದ್ದಾಗ ಹಿಂದೆಯೂ ದೊಡ್ಡದಕ್ಕೆ ಏರಿಸಿದೆ. ಆ ಕೈ ಮುಂದಕ್ಕೆ ಸೆಟೆದುಕೊಂಡಿತು. ಚೈನು ತಂತಿಯ ಹಾಗೆ ಬಿಗಿದು ಕಿರ್ರ್ ಎಂದಿತು. ನಾನು ಕೈ ಹಿಂದಕ್ಕೆ ತೆಗೆದೆ. ಅಲ್ಲಿಂದ ಮುಂದೆ ಪೆಡಲ್ ಅರ್ಧ ಸುತ್ತು ತಿರುಗಿದರೆ ಏನೋ ಮುರಿಯುತ್ತದೆ ಎಂದು ನನ್ನ ಕೈಗೆ ಗೊತ್ತಾಯಿತು. ಮೆಲ್ಲನೆ ಗೇರು ಇಳಿಸಿದೆ. ಈ ಗೇರು ಯಾರು ಹಾಕುತ್ತಾರೆ ಎಂದುಕೊಂಡೆ.

ಆಕೆ ಅಂಗಡಿಯ ಹೊರಗೆ ಫೋನಿನಲ್ಲಿ ಯಾರಿಗೋ ಔಷಧಿ ಹೇಳುತ್ತಿದ್ದರು, ನೋಡಲಿಲ್ಲ. ಇನ್ನೊಂದು ವರ್ಷ ಚಿಂತೆಯಿಲ್ಲ ಎಂದು ಹೇಳಿ ಸೈಕಲ್ ಕೊಟ್ಟೆ.

ಆಮೇಲಿನ ಒಂಬತ್ತು ದಿನ ನನಗೆ ಚೆನ್ನಾಗಿ ನೆನಪಿವೆ. ಬೆಳಗ್ಗೆ ಆ ಸೈಕಲ್ಲಿನ ಸಪ್ಪಳ ಕೇಳುತ್ತಲೇ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಆಕೆ ಯಾವ ಗೇರಿನಲ್ಲಿದ್ದಾರೆ ಎಂದು ಕಣ್ಣು ಚೈನಿಗೇ ಹೋಗುತ್ತಿತ್ತು. ಸುಟ್ಟ ಆಯಿಲ್ಲಿಗೆ ಧೂಳು ಹತ್ತಿ ಚೈನು ಕಪ್ಪಗೆ ದಪ್ಪಗಾಗಿತ್ತು. ಸಂಜೆ ಆಕೆ ವಾಪಸು ಹೋಗುವುದನ್ನು ನೋಡಿಯೇ ನಾನು ಬಾಗಿಲು ಹಾಕುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಟೀ ಅಂಗಡಿಯ ಮುಂದೆ ನಿಂತು, ಸೈಕಲ್ ಹಗುರಾಗಿದೆ ಕಾಕಾ ಎಂದರು. ಆಗಲೇ ಕರೆದು, ಆ ಒಂದು ಗೇರು ಹಾಕಬೇಡಿ ಎಂದಿದ್ದರೆ ಸಾಕಿತ್ತು. ಅದನ್ನು ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು. ಕೇಳಿದರೆ ಕೊಂಡಿಯ ಮಾತು ಬರುತ್ತಿತ್ತು. ತಲೆಯಾಡಿಸಿ ಕೈಯಲ್ಲಿದ್ದ ಟ್ಯೂಬಿಗೆ ಪ್ಯಾಚು ಒತ್ತತೊಡಗಿದೆ.

ಹತ್ತನೆಯ ದಿನ ಸಂಜೆ ನಾನು ಕಾದೇ ಕಾದೆ, ಆಕೆ ಬರಲಿಲ್ಲ.

ಮಾರನೆಯ ದಿನ ಗಂಡ ಟಂಟಂ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಬಂದ. ಹಳ್ಳದ ಇಳಿಜಾರಿನಲ್ಲಿ ವೇಗವಾಗಿ ಬಂದು, ಎದುರಿನ ಏರಿಗೆಂದು ಮೊದಲೇ ಗೇರು ಬದಲಿಸಿದ್ದರಂತೆ. ಸ್ಪ್ರಿಂಗಿನ ಕೈ ಮುರಿದು ಹಿಂದಿನ ಗಾಲಿಯ ಕಡ್ಡಿಗಳೊಳಗೆ ನುಗ್ಗಿತ್ತು. ಗಾಲಿ ತಟ್ಟನೆ ನಿಂತು ಆಕೆ ಹಳ್ಳದ ಮೋರಿಯ ಕಲ್ಲಿನ ಮೇಲೆ ಬಿದ್ದಿದ್ದರು. ಬಲ ಮೊಣಕೈ ಚೂರಾಗಿ ಹುಬ್ಬಳ್ಳಿಗೆ ಒಯ್ದಿದ್ದರು.

“ಏನಾಗಿತ್ರಿ ಇದಕ್ಕ?” ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು. ಟೀ ಅಂಗಡಿಯವರೂ ಎದ್ದು ಬಂದು ಸುತ್ತ ನಿಂತಿದ್ದರು.

ನಾನು ಬಗ್ಗಿ ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ.

“ದೊಡ್ಡದರ ಮ್ಯಾಲೆ ದೊಡ್ಡ ಗೇರ್ ಹಾಕ್ಯಾರ. ಹಂಗ ಹಾಕಬಾರದು. ತಿಳೀಲಾರದವ್ರ ಕೈಯಾಗ ಗೇರಿನ ಸೈಕಲ್ ಕೊಟ್ರ ಹಿಂಗ ಆಗತೈತಿ.”

ಹಾಗೆ ಗೇರು ಹಾಕಬಾರದು ಎನ್ನುವುದು ಸುಳ್ಳಲ್ಲ. ಆದರೆ ಚೈನಿನ ಉದ್ದ ಸರಿಯಿದ್ದರೆ ಹಾಕಿದರೂ ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೆ, ಮುರಿಯುವುದಿಲ್ಲ. ಅರ್ಧ ನಿಜವನ್ನು ಮುಂದಿಟ್ಟು ಅದರ ಹಿಂದೆ ನಾನು ನಿಂತುಕೊಂಡೆ. ನನ್ನ ಮಾತು ಮಧ್ಯಾಹ್ನದೊಳಗೆ ಆ ಹಳ್ಳಿಯನ್ನು ಮುಟ್ಟಿತು. ಹೆಣ್ಣುಮಕ್ಕಳಿಗೆ ಅಂಥ ಸೈಕಲ್ ಯಾಕೆ ಬೇಕಿತ್ತು ಎಂದು ಒಬ್ಬರು, ಮೊಬೈಲ್ ನೋಡಿ ಕಲಿತರೆ ಹೀಗೇ ಎಂದು ಇನ್ನೊಬ್ಬರು. ಆಕೆಯ ಅತ್ತೆಯಂತೂ ಆಸ್ಪತ್ರೆಯ ಮಂಚದ ಪಕ್ಕದಲ್ಲಿಯೇ ಬೈದರಂತೆ.

ಮೊಣಕೈಗೆ ಎರಡು ಸಲ ಆಪರೇಷನ್ ಆಯಿತು. ಕಿರುಬೆರಳು, ಉಂಗುರಬೆರಳು ಮತ್ತೆ ಮಡಚಲಿಲ್ಲ. ಸೂಜಿ ಹಿಡಿಯುವ ಕೆಲಸದಿಂದ ಆಕೆಯನ್ನು ರಿಜಿಸ್ಟರ್ ಬರೆಯುವ ಕೆಲಸಕ್ಕೆ ಹಾಕಿದರು. ಅದನ್ನೂ ಎಡಗೈಯಲ್ಲಿ ಕಲಿಯಬೇಕಾಯಿತು.

ನಾನು ಆಮೇಲೆ ಗೇರಿನ ಕೆಲಸ ಸರಿಯಾಗಿ ಕಲಿತೆ. ಹಿಂದೆ ಎಷ್ಟು ಚಕ್ರವಿದೆಯೋ ಆ ಲೆಕ್ಕದ ಚೈನೇ ಬೇಕು, ಸವೆದರೆ ಬದಲಿಸಬೇಕು, ಕೊಂಡಿ ತೆಗೆಯಬಾರದು. ಒಣ ಬಟ್ಟೆಯಲ್ಲಿ ಒರೆಸಿ ಕೊಂಡಿಗೊಂದು ಹನಿ ತೆಳು ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಬೇಕು. ಬಂದ ಗಿರಾಕಿಗೆಲ್ಲ ಇದನ್ನು ಹೇಳಿದೆ. ಯಾರು ಕಲಿಸಿದರು ಎಂದು ಕೇಳಿದವರಿಗೆ ಅನುಭವ ಎಂದೆ.

ಬಿದ್ದ ಎರಡು ತಿಂಗಳಿಗೆ ಆಕೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅಂಗಡಿಗೆ ಬಂದರು. ಕೊಂಡಿಯ ವಿಷಯ ಆಕೆಗೆ ಗೊತ್ತಾಯಿತು ಎಂದುಕೊಂಡು ಎದ್ದು ನಿಂತೆ. ಆಕೆ ಮೊದಲು ನನ್ನ ಕಾಲು ಹೇಗಿದೆ ಎಂದು ಕೇಳಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು: “ತಪ್ಪಾತ್ರಿ ಕಾಕಾ. ನೀವು ಅಷ್ಟು ಚಂದ ಮಾಡಿ ಕೊಟ್ಟಿದ್ರಿ. ನನಗ ತಿಳೀಲಿಲ್ಲ, ಹಾಳ ಮಾಡಿಕೊಂಡ್ನಿ. ಮಂದಿ ನಿಮ್ಮ ಕೆಲಸಕ್ಕ ಏನರ ಅಂದಿದ್ರ ಮನಸ್ಸಿಗೆ ಹಚಗೋಬ್ಯಾಡ್ರಿ.”

“ಇರಲಿ ಬಿಡಬೇ ಯವ್ವಾ” ಎಂದೆ.

ಅವರ ಕ್ಷಮಾಪಣೆಯನ್ನು ನಾನು ಇಟ್ಟುಕೊಂಡೆ. ಆ ಸುಳ್ಳಿಗಿಂತ ನನಗೆ ಇದೇ ಭಾರ. ಈಗ ಅವರು ಹಾನಗಲ್ ಕಡೆ ಇದ್ದಾರೆಂದು ಕೇಳಿದ್ದೇನೆ. ಅಂಗಡಿ ಮುಚ್ಚಿ ನಾನು ಸವಣೂರಿಗೆ ಮರಳಿದ್ದೇನೆ. ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾನಗಲ್ ಬೋರ್ಡಿನ ಬಸ್ಸನ್ನು ಹತ್ತದೆ ಹೋಗಲು ಬಿಟ್ಟು ಮನೆಗೆ ಬಂದೆ. ಸತ್ತ ಉಸ್ತಾದರ ಗೋರಿಯ ಮುಂದೆ ತಪ್ಪಾಯಿತು ಎಂದಿದ್ದೇನೆ, ದೇವರ ಮುಂದೆ ಎಂದಿದ್ದೇನೆ. ಬದುಕಿದ್ದು, ಕೇಳಿಸಿಕೊಂಡು, ತಿರುಗಿ ಏನಾದರೂ ಅನ್ನಬಲ್ಲ ಒಬ್ಬರ ಮುಂದೆ ಮಾತ್ರ ಹೇಳಿಲ್ಲ. ಅವರು ಹಿರೇಕೆರೂರು ತಾಲೂಕಿನ ಆ ನರ್ಸಬಾಯಿ, ಸ್ಕೇಲು ಹಿಡಿದು ನನಗೆ ಸರಿಯಾದದ್ದನ್ನೇ ತೋರಿಸಿದವರು.