ಸೀಲಿಂಗಿಗೆ ಬಣ್ಣ ಹೊಡೆಯುತ್ತಿದ್ದ ತಮ್ಮ

ನನ್ನ ತಮ್ಮ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದ. ನನಗೆ ಹೆರಿಗೆಯಾದಾಗ ಆಸ್ಪತ್ರೆಗೆ ಬಂದವನು ಮಗುವಿನ ಕಡೆ ತಿರುಗುವ ಮೊದಲೇ ಸೀಲಿಂಗ್ ನೋಡಿ, "ಅಕ್ಕಾ, ಇಲ್ಲಿ ಬಣ್ಣದ ಅಡಿಗೆ ಪುಟ್ಟಿ ಸರಿಯಾಗಿ ಎಳೆದಿಲ್ಲ, ಬೇಗ ಉದುರುತ್ತೆ" ಎಂದ.

"ನಿನ್ನ ಸೊಸೆ ಕೆಳಗಿದಾಳೆ ಕಣೋ" ಎಂದೆ.

ಆಮೇಲೆ ಎತ್ತಿಕೊಂಡವನು ಕೆಳಗಿಳಿಸಲೇ ಇಲ್ಲ.

ಅವನು ಪೇಂಟರ್. ಗೋಡೆ ಯಾರು ಬೇಕಾದರೂ ಬಳಿಯಲಿ, ಸೀಲಿಂಗ್ ಮಾತ್ರ ಮೇಸ್ತ್ರಿ ಅವನ ಕೈಗೇ ಕೊಡುತ್ತಿದ್ದ. ಉದ್ದಕ್ಕೆ ಬೆಳೆದಿದ್ದನೆಂದು ಜೊತೆಯವರೆಲ್ಲ 'ಏಣಿ' ಎಂದೇ ಕರೆಯುತ್ತಿದ್ದರು. ದಿನವಿಡೀ ಕತ್ತೆತ್ತಿ ರೋಲರ್ ಆಡಿಸಿ, ರೆಪ್ಪೆಯ ಮೇಲೆಲ್ಲ ಸುಣ್ಣದ ಚುಕ್ಕೆಗಳೊಂದಿಗೆ ಸಂಜೆ ಮನೆಗೆ ಬರುತ್ತಿದ್ದ. ನನ್ನ ಗಂಡ ಲಾರಿ ಓಡಿಸುವವರು, ಮನೆಯಲ್ಲಿರುವುದೇ ಅಪರೂಪ. ಅಮ್ಮನಿಗೆ ಮಂಡಿ ಬಗ್ಗುವುದಿಲ್ಲ. ನನಗೆ ಬೇಕರಿಯಲ್ಲಿ ಸಂಜೆ ಪಾಳಿ. ಆ ಹೊತ್ತಿಗೆ ಮಗಳಿಗೆ ಅವನೇ ಅಪ್ಪ, ಅವನೇ ಅಮ್ಮ, ಅವನೇ ಕುದುರೆ.

ಅವನ ಕಾಯಿಲೆಯಲ್ಲಿ ಮೊದಲು ಬಂದದ್ದು ನಿದ್ದೆ. ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಏಣಿಯ ಮೇಲೇ ತೂಕಡಿಸಿ, ಬಣ್ಣದ ಡಬ್ಬವನ್ನು ಮನೆಯೊಡತಿಯ ಹೊಸ ಸೋಫಾದ ಮೇಲೆ ಬೀಳಿಸಿದ. ಮೇಸ್ತ್ರಿ ಮನೆ ಬಾಗಿಲಿಗೇ ಬಂದು ಕೂಗಾಡಿದ.

"ಬೆಳಿಗ್ಗೇನೇ ಹಾಕ್ಕೊಂಡು ಬರ್ತಾನಮ್ಮ ನಿಮ್ಮ ಹುಡುಗ. ನಾಳೆ ಬಿದ್ದು ಸತ್ರೆ ಯಾರು ಉತ್ತರ ಕೊಡೋದು?"

"ಮೇಸ್ತ್ರಿ, ಆಣೆಗೂ ಮುಟ್ಟಿಲ್ಲ" ಎಂದ ತಮ್ಮ, ನೆಲ ನೋಡುತ್ತಾ.

ಆ ನೆಲ ನೋಡುವುದೇ ಅವನಿಗೆ ಮುಳುವಾಯಿತು. ಕೆಲಸ ಹೋದ ಮೇಲೆ ಯಾರೊಡನೆ ಮಾತಾಡಿದರೂ ಕಣ್ಣು ಕೆಳಗೇ. ಅಮ್ಮನ ಪಿತ್ತ ನೆತ್ತಿಗೇರುತ್ತಿತ್ತು. "ಕಣ್ಣೆತ್ತಿ ಮಾತಾಡೋ! ತಪ್ಪು ಮಾಡದೇ ಇದ್ರೆ ಯಾಕೆ ಹಿಂಗೆ ಕಳ್ಳನ ಹಾಗೆ ನಿಂತ್ಕೋತೀಯ?"

"ಎತ್ತಕ್ಕೆ ಆಗ್ತಿಲ್ಲಮ್ಮ."

ನಾಚಿಕೆಗೆ ಹಾಗೆ ಹೇಳುತ್ತಾನೆ ಎಂದುಕೊಂಡೆವು. ಅವನು ಇದ್ದದ್ದನ್ನು ಇದ್ದಂತೆಯೇ ಹೇಳಿದ್ದ. ಕಣ್ಣುಗುಡ್ಡೆಯನ್ನು ಮೇಲಕ್ಕೆತ್ತುವ ಶಕ್ತಿಯೇ ಮಿದುಳಿನಲ್ಲಿ ಉಳಿದಿರಲಿಲ್ಲ.

ಒಂದು ರಾತ್ರಿ ಬೇಕರಿಯಿಂದ ಬಂದಾಗ ಅವನು ಹೊಸ್ತಿಲಲ್ಲಿ ಗೋಡೆಗೊರಗಿ ಮಲಗಿದ್ದ. ಮಗಳು ಬೀದಿಯಲ್ಲಿದ್ದಳು, ಪುಟ್ಟಿ ಎಳೆಯುವ ಬ್ಲೇಡು ಹಿಡಿದುಕೊಂಡು. ಕಸಿದುಕೊಂಡು ಕಿರುಚಿದೆ. ಅವನೆದ್ದು, ತನ್ನ ಕಡೆ ಓಡಿಬಂದ ಮಗುವನ್ನು ನೋಡಿ ಅರಳಿದ.

"ಅಕ್ಕಾ, ಇವಳು ನಡೀತಾಳೆ! ಯಾವಾಗಿಂದ?"

ಅವಳಿಗೆ ನಡೆಯಲು ಕಲಿಸಿದ್ದೇ ಅವನು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಮೊದಲು ತೋರಿಸಿದ ಡಾಕ್ಟರು ಮನಸ್ಸಿಗೆ ಬೇಸರವಾಗಿದೆ ಎಂದು ಮಾತ್ರೆ ಬರೆದರು. ಆ ಮಾತ್ರೆ ಮುಗಿಯುವಷ್ಟರಲ್ಲಿ ಫಿಟ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿ, ಮಿದುಳು ಊದಿಕೊಂಡಿದೆ ಎಂದರು. ಅಲ್ಲಿನ ದೊಡ್ಡ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಕೆಲವೊಮ್ಮೆ ಮೈಯಲ್ಲಿ ಎಲ್ಲೋ ಸಣ್ಣ ಕ್ಯಾನ್ಸರ್ ಅಡಗಿರುತ್ತದಂತೆ. ಅದನ್ನು ಹೊಡೆಯಲು ಮೈ ಎಬ್ಬಿಸಿದ ರೋಗ ತಡೆಯುವ ಪಡೆ, ಮಿದುಳಿನಲ್ಲೂ ಅದೇ ಮುಖ ಕಂಡು ಅದನ್ನೂ ಹೊಡೆಯುತ್ತದಂತೆ. "ಎಲ್ಲಾದ್ರೂ ಗಂಟಿದೆಯೇನಪ್ಪಾ?" ಎಂದು ಕೇಳಿದರು.

"ಇಲ್ಲ ಮೇಡಂ."

ಎದೆ, ಹೊಟ್ಟೆ ಎಲ್ಲ ಸ್ಕ್ಯಾನ್ ಮಾಡಿದರು. ಏನೂ ಸಿಗಲಿಲ್ಲ. ಮೈ ತಡಕಿ ನೋಡಲು ಬಂದ ಕಿರಿಯ ಡಾಕ್ಟರು ಅಮ್ಮನನ್ನೂ ನನ್ನನ್ನೂ ನೋಡಿ ಸಂಕೋಚಪಟ್ಟುಕೊಂಡು, ಕತ್ತು, ಕಂಕುಳು ಮುಟ್ಟಿ, ಸೊಂಟದ ಹತ್ತಿರ ನಿಲ್ಲಿಸಿಬಿಟ್ಟರು. ರೋಗಿಯೇ ಇಲ್ಲ ಅಂದ ಮೇಲೆ ಇನ್ನೇನು ಎಂದುಕೊಂಡಿರಬೇಕು. ಡ್ರಿಪ್ಪಿನಲ್ಲಿ ಔಷಧಿ ಹೋಗುತ್ತಲೇ ಇತ್ತು. ತಮ್ಮ ದಿನದಿನಕ್ಕೂ ಕರಗುತ್ತಲೇ ಇದ್ದ.

ಹಾಗಿರುವಾಗ ಮೇಸ್ತ್ರಿ ಒಂದು ಚೀಲ ಹಣ್ಣು ಹಿಡಿದು ನೋಡಲು ಬಂದ. ಬೈದು ಕಳಿಸಿದ್ದಕ್ಕೆ ಮುಜುಗರವಿದ್ದಿರಬೇಕು. ನಗಿಸಲು ನೋಡಿದ.

"ಏನೋ ಏಣಿ, ನಿನ್ನ ಗೋಲಿ ಊದಿತ್ತಲ್ಲ, ಇಳೀತೇನೋ?"

ತಮ್ಮ ಪಿಳಿಪಿಳಿ ನೋಡಿದ. ಮೇಸ್ತ್ರಿ ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡು ಹೊರಗೆ ಹೋದ. ನಾನು ಬಿಡಲಿಲ್ಲ.

"ಏನು ಊದಿತ್ತು ಮೇಸ್ತ್ರಿ?"

"ಬಿಡು ತಂಗಿ, ಗಂಡಸರ ಮಾತು."

"ಹೇಳಿ."

"ಹೋದ ವರ್ಷ ಕೆಲಸದಲ್ಲಿ ಬಟ್ಟೆ ಬದಲಾಯಿಸ್ತಾ ತೋರಿಸ್ದ. ಒಂದು ಬೀಜ ಕಲ್ಲಿನ ಹಾಗಾಗಿದೆ, ನೋವಿಲ್ಲ ಅಂದ. ಮದುವೆ ಮಾಡ್ಕೋ, ತಾನೇ ಸರಿಹೋಗುತ್ತೆ ಅಂದೆ. ಎಲ್ರೂ ನಕ್ಕಿದ್ದೇ ನಕ್ಕಿದ್ದು."

"ಅವನು?"

"ಅವನೂ ನಕ್ಕ."

ತಮ್ಮ ಡಾಕ್ಟರಮ್ಮನಿಗೆ ಸುಳ್ಳು ಹೇಳಿರಲಿಲ್ಲ. ಆ ಗಂಟಿನ ನೆನಪನ್ನು ಆ ಗಂಟೇ ತಿಂದು ಹಾಕಿತ್ತು. ನಾನು ಸೀದಾ ಡಾಕ್ಟರಮ್ಮನ ಹತ್ತಿರ ಹೋಗಿ, ಯಾವ ಮರ್ಯಾದೆಯ ಮಾತೂ ಹುಡುಕದೆ, ಇದ್ದದ್ದನ್ನು ಇದ್ದ ಹೆಸರಿನಲ್ಲೇ ಹೇಳಿದೆ. ಅವತ್ತೇ ಸ್ಕ್ಯಾನಾಯಿತು. ಆ ವಾರವೇ ಆ ಬೀಜವನ್ನು ಕತ್ತರಿಸಿ ತೆಗೆದರು. "ಇನ್ನೂ ಮದುವೆಯಾಗದ ಹುಡುಗ" ಎಂದು ಅಮ್ಮ ಬಾಗಿಲ ಹೊರಗೆ ಅತ್ತಳು.

"ಕ್ಯಾನ್ಸರ್ ಹರಡಿಲ್ಲ, ಪೂರ್ತಿ ತೆಗೆದಿದ್ದೀವಿ" ಎಂದರು ಡಾಕ್ಟರಮ್ಮ.

"ಮಿದುಳು?"

"ಇನ್ಮೇಲೆ ಜಾಸ್ತಿ ಹಾಳಾಗದೇ ಇರಬಹುದು. ಹಾಳಾಗಿರೋದು ವಾಪಸ್ ಬರೋದು ಕಷ್ಟ."

"ಹೋದ ವರ್ಷವೇ ತೆಗೆದಿದ್ರೆ?"

ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. "ಇನ್ನಷ್ಟು ಉಳೀತಿತ್ತಮ್ಮ."

ನೆಂಟರು ಬಂದು ಕ್ಯಾನ್ಸರನ್ನೇ ಗೆದ್ದ ಎಂದು ಅವನ ಬೆನ್ನು ತಟ್ಟಿ ಹೋಗುತ್ತಾರೆ. ಅವನೂ ಖುಷಿಯಾಗುತ್ತಾನೆ, ಪ್ರತಿಸಲವೂ ಹೊಸದಾಗಿ ಕೇಳಿದವನ ಹಾಗೆ. ಮೇಸ್ತ್ರಿ ಸಿಕ್ಕಾಗಲೆಲ್ಲ "ವಾಸಿಯಾಯ್ತಲ್ಲ ತಂಗಿ, ಕೆಲಸಕ್ಕೆ ಕಳಿಸು, ಗೋಡೆಗೆ ಉಪ್ಪು ಕಾಗದ ಉಜ್ಜಲಿ" ಎನ್ನುತ್ತಾನೆ. ಒಂದು ದಿನ ಕಳಿಸಿದೆವು. ಉಜ್ಜಿದ ಗೋಡೆಯನ್ನೇ ಸಂಜೆಯವರೆಗೂ ಉಜ್ಜಿ, ಅಂಗೈ ರಕ್ತ ಮಾಡಿಕೊಂಡು ಬಂದ.

ಎರಡು ವರ್ಷವಾಯಿತು, ಫಿಟ್ಸ್ ನಿಂತಿದೆ. ನಿದ್ದೆಯೂ ಅಷ್ಟಿಲ್ಲ. ಹೊಸದಾಗಿ ಏನೂ ತಲೆಯಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಆದರೆ ಹಳೆಯ ಅಭ್ಯಾಸವೊಂದು ಹೇಗೋ ಉಳಿದುಕೊಂಡಿದೆ. ನಾನು ಬೇಕರಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದರೆ ಬಂದು ನಿಲ್ಲುತ್ತಾನೆ. "ನೀನು ಹೋಗಕ್ಕಾ, ಇವಳನ್ನ ನಾನು ನೋಡ್ಕೋತೀನಿ."

ಪಕ್ಕದ ಮನೆಯಾಕೆ ಮಗಳನ್ನು ನೋಡಿಕೊಳ್ಳಲು ಒಪ್ಪಿದ್ದಾಳೆ. ಅವನ ಕೈಗೆ ನಾನು ಮಗುವನ್ನು ಬಿಡುವುದಿಲ್ಲ. ಇನ್ನು ಯಾವತ್ತೂ ಬಿಡುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ, "ಇವತ್ತು ಬೇಡ ಕಣೋ, ನಾಳೆಯಿಂದ ನೋಡ್ಕೊಳ್ಳುವಿಯಂತೆ" ಎನ್ನುತ್ತೇನೆ. "ಆಯ್ತಕ್ಕಾ" ಎಂದು ಒಪ್ಪಿಕೊಳ್ಳುತ್ತಾನೆ.

ನಿನ್ನೆ ಮಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತಿ ಹೇಳಿದಳು. "ಅಮ್ಮಾ, ನೀನು ದಿನಾ ಮಾಮಂಗೆ ನಾಳೆ ಅಂತೀಯ."

ತಮ್ಮನ ಮುಖದ ನಗು ಹಾಗೇ ನಿಂತಿತು. "ಹೌದಾ ಅಕ್ಕಾ?"

"ಇಲ್ಲ ಕಣೋ," ಎಂದೆ, "ಅವಳಿಗೆ ಏನೂ ನೆನಪಿರಲ್ಲ."

ಅವನು ನನ್ನನ್ನೇ ನಂಬಿದ. ಮಗಳು ಬಾಯಿ ತೆರೆಯುವ ಮೊದಲೇ ಅವಳನ್ನು ಎತ್ತಿಕೊಂಡು ಪಕ್ಕದ ಮನೆಯ ಕದ ತಟ್ಟಿದೆ.