ಸಂಜೆಯ ಖಬರಿಗೆ ಇಳಿಯುತ್ತಿದ್ದ ಬ್ಯಾಟರಿ

ನಾನು ನಲವತ್ತು ವರ್ಷ ಕರೆಂಟಿನ ಜೊತೆ ಬದುಕಿದವನು. ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಕಥೆ ತೆಗೆದರೆ ನಗುತ್ತಿದ್ದೆ. ಎದುರಿಗೇ ನಗುತ್ತಿದ್ದೆ, ಅದು ನನ್ನ ಕೆಟ್ಟ ಚಾಳಿ. ಕರೆಂಟು ದಾರಿ ಇದ್ದರೆ ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಯಾರ ಮುಲಾಜೂ ಇಲ್ಲ ಎನ್ನುವುದು ನನ್ನ ಮಾತಾಗಿತ್ತು. ಹೀಗೆ ಎದೆ ತಟ್ಟಿ ಹೇಳುತ್ತಿದ್ದವನಿಗೆ ಸೇಡಂನಲ್ಲಿ ಒಂದು ಸಂಜೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ನಾನೇ ಪೂರ್ತಿ ನಂಬಿದ್ದೇನೋ ಇಲ್ಲವೋ ಹೇಳಲಾರೆ.

ಆಗ ನಮ್ಮದಿನ್ನೂ ಹೈದರಾಬಾದ್ ರಾಜ್ಯ. ನಿಜಾಮರ ಆಳ್ವಿಕೆ ಮುಗಿದು ಐದಾರು ವರ್ಷ ಆಗಿತ್ತು. ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ ಕಲಿತ ನಾನು ಮೇಲಿನವನೊಬ್ಬನ ಜೊತೆ ಜಗಳಾಡಿ ಹೊರಬಿದ್ದು, ಸ್ಟೇಷನ್ ರಸ್ತೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಹಾಕಿದ್ದೆ. ಶಹಾಬಾದಿನಲ್ಲಿ ಕರೆಂಟಿತ್ತು, ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಅಲ್ಲಿ ರೇಡಿಯೋ ಹಾಡಬೇಕೆಂದರೆ ಕಾರಿನ ಬ್ಯಾಟರಿಯೇ ಗತಿ. ಮದುವೆಗೆ, ಹೋಟೆಲಿಗೆ ಜನ ಬ್ಯಾಟರಿ ಬಾಡಿಗೆಗೆ ಒಯ್ಯುತ್ತಿದ್ದರು. ಸಾಹುಕಾರರ ಡ್ರೈವರುಗಳಲ್ಲಿ ಕೆಲವರು ಮಾಲೀಕರ ಕಣ್ಣು ತಪ್ಪಿಸಿ, ಸಂಜೆಗೆ ಕಾರಿನ ಬ್ಯಾಟರಿ ಬಿಚ್ಚಿ ಹೋಟೆಲಿಗೆ ಕೊಟ್ಟು, ಬೆಳಗಾಗುವುದರೊಳಗೆ ಮತ್ತೆ ಕೂಡಿಸಿಡುತ್ತಿದ್ದರು. ನಮ್ಮ ಕಸುಬಿನವರಿಗೆಲ್ಲ ಇದು ಗೊತ್ತಿದ್ದ ಗುಟ್ಟು.

ಖಾಸೀಮ ಸಾಬ ಸೇಡಂನ ಒಬ್ಬ ವಕೀಲರ ಡ್ರೈವರು. ಐವತ್ತು ದಾಟಿದ ಮನುಷ್ಯ, ಗಡ್ಡಕ್ಕೆ ಮದರಂಗಿ, ಮಾತು ಕಡಿಮೆ. ವಾರ, ಹತ್ತು ದಿನಕ್ಕೊಮ್ಮೆ ಆತ ಸತ್ತ ಬ್ಯಾಟರಿಯನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು, ಗೋಣಿಚೀಲ ಸುತ್ತಿ, ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ನನ್ನಲ್ಲಿಗೆ ತರುತ್ತಿದ್ದ. ಆಸಿಡ್ ಸಿಡಿದು ಅವನ ಪೈಜಾಮದ ತುಂಬ ತೂತು. ಮೂರನೆಯ ಸಲ ಬಂದಾಗ ವಕೀಲರ ಚೀಟಿಯನ್ನೂ ತಂದಿದ್ದ. ಬ್ಯಾಟರಿ ಹೀಗೇಕೆ ಇಳಿಯುತ್ತಿದೆ, ನಿಮ್ಮ ಅಭಿಪ್ರಾಯ ಬರೆದು ಕಳಿಸಿ ಎಂದಿತ್ತು. ನಾನು ಬ್ಯಾಟರಿ ಬಿಚ್ಚಿ ನೋಡಿದೆ. ಪ್ಲೇಟುಗಳು ಗಟ್ಟಿಯಾಗಿದ್ದವು. ತಂತಿ ಕೂಡಿಸುವ ಸೀಸದ ಗುಬ್ಬಿಗಳ ಮೇಲೆ ರೇಡಿಯೋ ಕ್ಲಿಪ್ಪಿನ ಹಲ್ಲು ಕಚ್ಚಿದ ಗುರುತು ಸ್ಪಷ್ಟವಾಗಿತ್ತು. ಜಾಣತನದ ಉತ್ಸಾಹದಲ್ಲಿ ಬರೆದೆ: ಬ್ಯಾಟರಿಯಲ್ಲಿ ದೋಷವಿಲ್ಲ, ಇದರ ಮೇಲೆ ಯಾರೋ ರೇಡಿಯೋ ನಡೆಸುತ್ತಿದ್ದಾರೆ. ಚೀಟಿ ಮಡಿಚಿ ಖಾಸೀಮನ ಕೈಗೇ ಕೊಟ್ಟೆ.

ಮುಂದಿನ ಸಲ ಅವನು ಬರಿಗೈಯಲ್ಲಿ ಬಂದ. ಅಂಗಡಿಯ ಮೆಟ್ಟಿಲ ಮೇಲೆ ಕೂತ.

"ಮಿಸ್ತ್ರಿ, ನನಗ ಓದಾಕ ಬರಂಗಿಲ್ಲ. ನೀವು ಬರ್ದಿದ್ದು ನಾನೇ ಒಯ್ದು ನಮ್ಮ ವಕೀಲ ಸಾಹೇಬ್ರ ಕೈಯಾಗ ಕೊಟ್ಟೀನಿ. ನಾ ಬ್ಯಾಟರಿ ಹೋಟೆಲಿಗಿ ಮಾರ್ಕೋಳಾಕತ್ತೀನಿ ಅಂತ ಅವರು ತಿಳ್ಕೊಂಡಾರ. ಇನ್ನೊಮ್ಮಿ ಇಳೀತಂದ್ರ ಬ್ಯಾರೆ ಡ್ರೈವರ್‌ನ ನೋಡ್ತಾರಂತ. ಇಪ್ಪತ್ತೆರಡು ವರ್ಷ ಆ ಮನಿ ಉಪ್ಪು ತಿಂದೀನಿ. ಒಮ್ಮಿ ಬಂದು ನಿಮ್ಮ ಕಣ್ಣಿಲೆ ನೋಡ್ರಿ."

ನನಗೆ ನಾಚಿಕೆಯಾಯಿತು. ನನ್ನ ಒಂದು ಸಾಲಿಗೆ ಒಬ್ಬನ ಅನ್ನ ಹೋಗುವುದಿತ್ತು. ಮರುದಿನವೇ ಸಾಮಾನಿನ ಚೀಲ ಹೆಗಲಿಗೇರಿಸಿ ಸೇಡಂಗೆ ಹೊರಟೆ.

ಮನೆ ದೊಡ್ಡದು. ಮಗ್ಗುಲಿಗೆ ಶಹಾಬಾದಿ ಕಲ್ಲಿನ ಗೋಡೆಯ ಕಾರಿನ ಶೆಡ್ಡು, ರಸ್ತೆಯಾಚೆ ಒಂದು ಚಹಾದ ಹೋಟೆಲು. ನಾನು ಮೊದಲು ನುಗ್ಗಿದ್ದು ಹೋಟೆಲಿಗೇ. ಚಹಾ ಕುಡಿಯುತ್ತ ಅವರ ರೇಡಿಯೋದ ಬ್ಯಾಟರಿ ನೋಡಿದೆ. ಅದು ಅವರದೇ, ಅದರ ಮೇಲೆ ತಾಂಡೂರಿನ ಅಂಗಡಿಯ ಗುರುತಿತ್ತು. ಖಾಸೀಮ ಅಲ್ಲಿಗೆ ಚಹಾಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬಂದವನಲ್ಲ ಎಂದು ಹೋಟೆಲಿನವನು ಆಣೆ ಮಾಡಿದ.

ಹಾಗಾದರೆ ಕಳ್ಳ ಕಾರಿನೊಳಗೇ ಇರಬೇಕು. ಕಳ್ಳನನ್ನು ಹಿಡಿಯುವ ಉಪಾಯ ಸುಲಭ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಸಣ್ಣ ಬಲ್ಬು ಕಟ್ಟಬೇಕು. ಕಾರಿನಲ್ಲಿ ಎಲ್ಲಿ ಕರೆಂಟು ಸೋರಿದರೂ ಈ ಬಲ್ಬನ್ನು ದಾಟಿಯೇ ಹೋಗಬೇಕು, ಬಲ್ಬು ಉರಿಯಲೇಬೇಕು. ಆಮೇಲೆ ಒಂದೊಂದೇ ತಂತಿ ಬಿಚ್ಚುತ್ತ ಬಂದರೆ, ಯಾವುದನ್ನು ಬಿಚ್ಚಿದಾಗ ಬಲ್ಬು ಆರುತ್ತದೋ ಅದೇ ಕಳ್ಳತಂತಿ. ಮಧ್ಯಾಹ್ನ ಎರಡಕ್ಕೆ ಬಲ್ಬು ಕಟ್ಟಿದೆ. ಉರಿಯಲಿಲ್ಲ. ಬಾಗಿಲು ತೆಗೆದು ಹಾಕಿದೆ, ಕಾರು ಅಲುಗಾಡಿಸಿದೆ, ತಂತಿಗಳನ್ನೆಲ್ಲ ಜಗ್ಗಿ ನೋಡಿದೆ. ಊಹೂಂ.

ಗೋಡೆಯ ಮೇಲೆ ಶೆಡ್ಡಿನಿಂದ ಪಡಸಾಲೆಯ ಕಿಟಕಿಯವರೆಗೆ ಸಾಲಾಗಿ ಮೊಳೆ ಹೊಡೆದ ತೂತುಗಳು ಕಂಡವು. ಏನಿದು ಎಂದು ಕೇಳಿದೆ. ಖಾಸೀಮ ಆಗ ಹೇಳಿದ. ಈಗಿನ ವಕೀಲರ ತಂದೆ, ದೊಡ್ಡ ಸಾಹೇಬರು, ದಿನಾ ಸಂಜೆ ಕಾರಿನ ಬ್ಯಾಟರಿಯಿಂದ ಪಡಸಾಲೆಗೆ ತಂತಿ ಎಳೆಸಿ ರೇಡಿಯೋ ಕೇಳುತ್ತಿದ್ದರಂತೆ. ಆರೂವರೆಗೆ ಶುರು, ಎಂಟರ ಖಬರು, ಅಂದರೆ ವಾರ್ತೆ, ಮುಗಿದ ಕೂಡಲೇ ಬಂದ್. ಹಾಡು ಅವರಿಗೆ ಸೇರುತ್ತಿರಲಿಲ್ಲ. ಅವರಿದ್ದಾಗ ಕಾರು ದಿನಾ ಓಡುತ್ತಿತ್ತು, ಬ್ಯಾಟರಿ ತಾನೇ ತುಂಬಿಕೊಳ್ಳುತ್ತಿತ್ತು. ಅವರು ತೀರಿಕೊಂಡು ಎಂಟು ತಿಂಗಳು. ಆಮೇಲೆ ರೇಡಿಯೋಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೇರಿಸಿ, ತಂತಿ ಕಿತ್ತು ಹಾಕಿದ್ದರು. ನಾನು ಕಂಡ ಕ್ಲಿಪ್ಪಿನ ಗುರುತು ಆ ಕಾಲದ್ದು. ನನ್ನ ಜಾಣತನ ಅಲ್ಲೇ ಕರಗಿತು.

"ಪೊಲೀಸ್ ಆಕ್ಷನ್ ಟೈಮಿನಾಗ ನಮ್ಮವರ ಮ್ಯಾಲ ಗಲಾಟಿ ಎದ್ದಾಗ ದೊಡ್ಡ ಸಾಹೇಬ್ರು ನನ್ನ, ನನ್ನ ಹೇಣ್ತಿ ಮಕ್ಕಳನ್ನ ಹದಿನೈದು ದಿನ ಒಳಗಿನ ಖೋಲ್ಯಾಗ ಇಟ್ಟು ಕಾಯ್ದಾರ," ಎಂದ ಖಾಸೀಮ. "ಅವಾಗ ದಿನಾ ಖಬರ ಕೇಳಿ ಒಳಗ ಬಂದು ನನಗ ಹೇಳ್ತಿದ್ರು, ಇವತ್ತ ಹಿಂಗಾಗ್ಯದ ಖಾಸೀಮ, ಅಂಜಬ್ಯಾಡ ಅಂತ." ಆಮೇಲೆ ಬಲ್ಬಿನ ಕಡೆ ನೋಡಿ, "ಹಗಲ ನೋಡಿದ್ರ ಏನೂ ಕಾಣಂಗಿಲ್ಲ ಮಿಸ್ತ್ರಿ. ಸಂಜಿ ತನಕ ಕುಂದ್ರಿ," ಎಂದ.

ಕೂತೆ. ಹೊತ್ತು ಮುಳುಗಿತು. ಒಳಗಿನಿಂದ ಊದಿನಕಡ್ಡಿಯ ವಾಸನೆ ಬಂತು. ಆರೂವರೆಗೆ ಎದುರಿನ ಹೋಟೆಲಿನವನು ರೇಡಿಯೋ ಹಚ್ಚಿದ. ಆ ಕಡೆ ರೇಡಿಯೋ ಬಾಯಿ ತೆಗೆಯುವುದಕ್ಕೂ ಈ ಕಡೆ ನನ್ನ ಬಲ್ಬು ಕೆಂಪಗೆ ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ಕಾರಿನ ಹತ್ತಿರ ಯಾರೂ ಇರಲಿಲ್ಲ. ನಾವಿಬ್ಬರೂ ನಾಲ್ಕು ಮಾರು ದೂರ ಚಾಪೆಯ ಮೇಲಿದ್ದೆವು.

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಖುಷಿ. ಸಿಕ್ಕಿದ ಕಳ್ಳ ಅಂದುಕೊಂಡೆ. ಹಗಲೆಲ್ಲ ಕಾದ ಕಬ್ಬಿಣ ಸಂಜೆಗೆ ತಣ್ಣಗಾಗಿ ಕುಗ್ಗುತ್ತದೆ, ಎಲ್ಲೋ ಎರಡು ತಂತಿ ಒಂದಕ್ಕೊಂದು ತಾಗುತ್ತವೆ, ಇಷ್ಟೇ ಎಂದು ಖಾಸೀಮನಿಗೆ ಪಾಠ ಹೇಳುತ್ತಲೇ ಬಿಚ್ಚಲು ತೊಡಗಿದೆ. ಹಾರ್ನಿನ ತಂತಿ ಬಿಚ್ಚಿದೆ. ಬಲ್ಬು ಉರಿಯುತ್ತಲೇ ಇತ್ತು. ದೀಪಗಳ ತಂತಿ ಬಿಚ್ಚಿದೆ, ಕೀಲಿಯದು ಬಿಚ್ಚಿದೆ, ಡೈನಮೋದ್ದು ಬಿಚ್ಚಿದೆ. ಉರಿಯುತ್ತಲೇ ಇತ್ತು. ಕಂದೀಲು ಹತ್ತಿರ ತಂದು ಬಗ್ಗಿ ನೋಡುವಾಗ ಇನ್ನೊಂದು ಕಂಡಿತು. ಬಲ್ಬಿನ ಬೆಳಕು ಒಂದೇ ಸಮ ಇರಲಿಲ್ಲ, ಸ್ವಲ್ಪ ಏರುತ್ತಿತ್ತು, ಇಳಿಯುತ್ತಿತ್ತು. ಕೆಲವು ಬ್ಯಾಟರಿ ರೇಡಿಯೋಗಳ ಗುಣವೇ ಅದು. ದನಿ ಜೋರಾದಾಗ ಕರೆಂಟು ಹೆಚ್ಚು ಎಳೆಯುತ್ತವೆ, ನನ್ನ ಅಂಗಡಿಯಲ್ಲಿ ದಿನಾ ನೋಡುತ್ತಿದ್ದೆ. ಹೋಟೆಲಿನ ಕಡೆ ಕಿವಿ ಕೊಟ್ಟೆ, ಅಷ್ಟರಲ್ಲಿ ಎಂಟರ ಖಬರು ಶುರುವಾಗಿತ್ತು. ಅಲ್ಲಿ ಖಬರು ಓದುವವನು ದನಿ ಏರಿಸಿದರೆ ಇಲ್ಲಿ ಬೆಳಕು ಏರುತ್ತಿತ್ತು. ಅವನು ಉಸಿರಿಗೆ ನಿಂತರೆ ಮಂಕಾಗುತ್ತಿತ್ತು. ಹೋಟೆಲಿಗೂ ಕಾರಿಗೂ ನಡುವೆ ಒಂದು ಎಳೆ ತಂತಿಯೂ ಇರಲಿಲ್ಲ. ಕಾರು ನಾಲ್ಕು ರಬ್ಬರಿನ ಗಾಲಿಗಳ ಮೇಲೆ ನಿಂತಿತ್ತು. ಆಗ ಮಾತ್ರ ನನಗೆ ಹೆದರಿಕೆಯಾಯಿತು.

ಕೊನೆಗೆ ಉಳಿದದ್ದು ಇಂಜಿನ್ ಚಾಲೂ ಮಾಡುವ ಮೋಟರಿನ ದಪ್ಪ ತಂತಿ ಒಂದೇ. ಅದನ್ನು ಬಿಚ್ಚಿದರೆ ಮುಗಿಯಿತು. ಬಲ್ಬು ಆರಿದರೆ ದೋಷ ಅಲ್ಲಿದೆ, ಆರದಿದ್ದರೆ ನಾನು ಈ ಕಸುಬು ಬಿಡಬೇಕು. ಅದರ ನಟ್ಟಿಗೆ ಪಾನಾ ಹಾಕಿದೆ. ಖಾಸೀಮ ನನ್ನ ಮಣಿಕಟ್ಟು ಹಿಡಿದ. ಗಟ್ಟಿಯಾಗಿ ಹಿಡಿಯಲಿಲ್ಲ, ಕೊಸರಿಕೊಳ್ಳಬಹುದಿತ್ತು.

"ಇನ್ನ ಹತ್ತು ನಿಮಿಷ ತಡೀರಿ ಮಿಸ್ತ್ರಿ. ಖಬರ ಮುಗೀಲಿ."

"ನಿನಗೆ ಮೊದಲೇ ಗೊತ್ತಿತ್ತೇನು?"

"ಒಂದಿನ ಸಂಜಿ ಶೆಡ್ಡಿನಾಗ ನಿಂತಾಗ ಕಾರಿನೊಳಗ ಕರೆಂಟ್ ತೋರ್ಸೂ ಮೀಟರಿನ ಮುಳ್ಳು ಅಲ್ಲಾಡೂದು ನೋಡಿದ್ದೆ. ಸಂಜೀಕ ಒಂದು ತಂತಿ ಬಿಚ್ಚಿಟ್ರ ಬ್ಯಾಟರಿ ಉಳೀತಿತ್ತು, ಅದು ನನಗ ಗೊತ್ತದ. ಕೈ ಬರಲಿಲ್ಲರಿ. ಕೂತು ಕೇಳಾಕತ್ತವರ ರೇಡಿಯೋ ಹ್ಯಾಂಗ ಬಂದ್ ಮಾಡ್ಲಿ?"

ನೌಕರಿ ಹೋಗುವ ಹೊತ್ತಿನಲ್ಲೂ ಒಂದು ತಂತಿ ಬಿಚ್ಚದೆ ಕಳ್ಳ ಅನಿಸಿಕೊಂಡು ಓಡಾಡಿದ್ದ ಈ ಮನುಷ್ಯ! ನಾನು ಪಾನಾ ಕೆಳಗಿಟ್ಟೆ. ಈಗ ನೆನೆದರೆ ಎರಡು ಮನಸ್ಸಾಗುತ್ತದೆ. ಆ ತಂತಿ ಬಿಚ್ಚಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೋ ಏನೋ. ಬಿಚ್ಚಲಿಲ್ಲ. ಹಿರಿಯರು ಮಾತು ಕೇಳುತ್ತಿರುವಾಗ ನಡುವೆ ಬಾಯಿ ಹಾಕಬಾರದೆಂಬ ಸಂಕೋಚದಂಥದೇ ಏನೋ ನನ್ನನ್ನು ತಡೆಯಿತು. ಖಬರು ಮುಗಿಯಿತು. ಹೋಟೆಲಿನಲ್ಲಿ ಹಾಡು ಶುರುವಾಯಿತು. ಬಲ್ಬು ಆರಿತು. ಅಲ್ಲಿ ಹಾಡು ಇನ್ನೂ ಬಹಳ ಹೊತ್ತು ನಡೆಯಿತು, ಇಲ್ಲಿ ಬಲ್ಬು ಮತ್ತೆ ಉರಿಯಲಿಲ್ಲ.

ವಕೀಲರು ಕಕ್ಷಿಗಾರರನ್ನು ಕಳಿಸಿ ಶೆಡ್ಡಿಗೆ ಬಂದರು. ಹಿಂದೆ ಅವರ ತಾಯಿ ಚಹಾದ ಬಟ್ಟಲು ಹಿಡಿದು ನಿಂತಿದ್ದರು. "ಏನ್ರಿ ಮಿಸ್ತ್ರಿ, ಸಿಕ್ತೇನು?" ಎಂದರು ವಕೀಲರು. ಖಾಸೀಮ ನೆಲ ನೋಡುತ್ತಿದ್ದ.

ನಾನು ಸುಳ್ಳು ಹೇಳಿದೆ. ಡೈನಮೋದ ಹತ್ತಿರ ಕಟೌಟ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಅದರ ನಾಲಿಗೆ ಅಂಟಿಕೊಂಡರೆ ನಿಂತ ಕಾರಿನಲ್ಲೂ ಬ್ಯಾಟರಿ ಇಳಿಯುತ್ತದೆ. ಅದೇ ಕೆಟ್ಟಿದೆ ಎಂದೆ. "ನಾ ಬರ್ದ ಚೀಟಿ ತಪ್ಪು, ವಕೀಲ ಸಾಹೇಬ್ರ. ಈ ಮನುಷ್ಯಾಂದು ಏನೂ ತಪ್ಪಿಲ್ಲ," ಎಂದು ಅವರೆದುರೇ ಚೀಲದಿಂದ ಬೇರೆ ಡಬ್ಬಿ ತೆಗೆದು ಬದಲಿಸಿ, ತಂತಿಗಳನ್ನೆಲ್ಲ ಮತ್ತೆ ಕೂಡಿಸಿದೆ. ವಕೀಲರು ಖಾಸೀಮನ ಕಡೆ ತಿರುಗಿದರು. "ಚಾಚಾ, ಚಹಾ ಆರಾಕತ್ತದ, ತೊಗೋರಿ," ಎಂದರು. ಇಷ್ಟು ದಿನ ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು ಎಂದು ಖಾಸೀಮ ಆಮೇಲೆ ಹೇಳಿದ. ಚಾಚಾ ಅಂದದ್ದು ಆ ಚೀಟಿ ಹೋದ ಮೇಲೆ ಅದೇ ಮೊದಲಂತೆ.

ಮಗ ಒಳಗೆ ಹೋದರೂ ತಾಯಿ ಹೋಗಲಿಲ್ಲ. ಅವರು ಬಾಗಿಲ ಮರೆಯಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ ನನಗೆ ಗೊತ್ತಿಲ್ಲ. ಅವರ ಕಣ್ಣು ಬಲ್ಬಿನ ಮೇಲಿತ್ತು.

"ಕಾರಿಂದ ಬ್ಯಾಡಪ್ಪ, ರೇಡಿಯೋಕ್ಕ ಬ್ಯಾರೆ ಬ್ಯಾಟರಿ ಕೊಡ್ತೀಯೇನು? ಅಟ್ಟದ ಮ್ಯಾಗಿಂದು ಇಳಸ್ತೀನಿ. ಕೇಳಿದ್ರ ಸಂಕಟ ಆಗ್ತದಂತ ನಾನೇ ಏರ್ಸಿದ್ದೆ," ಎಂದರು.

ಕಾರು ಎಬ್ಬಿಸುವ ಕಸುವಿಲ್ಲದಿದ್ದರೂ ರೇಡಿಯೋಕ್ಕೆ ಸಾಕಾಗುವ ಹಳೆಯ ಬ್ಯಾಟರಿ ನನ್ನಲ್ಲಿತ್ತು. ಅದನ್ನು ಕಳಿಸಿದೆ. ಪಡಸಾಲೆಯಲ್ಲಿ, ದೊಡ್ಡ ಸಾಹೇಬರು ಕೂರುತ್ತಿದ್ದ ಕುರ್ಚಿಯ ಮಗ್ಗುಲಿಗೆ, ಆ ತಾಯಿ ದಿನಾ ಆರೂವರೆಗೆ ರೇಡಿಯೋ ಹಚ್ಚಿ ಖಬರು ಮುಗಿದ ಕೂಡಲೇ ಬಂದ್ ಮಾಡುತ್ತಿದ್ದರಂತೆ. ಅಂದಿನಿಂದ ಕಾರಿನ ಬ್ಯಾಟರಿ ಇಳಿಯಲಿಲ್ಲ. ಖಾಸೀಮ ಮಾತ್ರ ರೇಡಿಯೋದ ಬ್ಯಾಟರಿ ಹೊತ್ತುಕೊಂಡು ತಪ್ಪದೆ ಬರುತ್ತಿದ್ದ. ನಾನು ಬಿಚ್ಚಿ ತಂದ ಕಟೌಟನ್ನು ಅಂಗಡಿಯಲ್ಲಿ ಎಷ್ಟು ಸಲ ಪರೀಕ್ಷಿಸಿದೆನೋ ಲೆಕ್ಕವಿಲ್ಲ. ಅದು ನೆಟ್ಟಗೆ ಇತ್ತು. ತಂತಿಗಳನ್ನು ಬಿಚ್ಚಿ ಕೂಡಿಸಿದಾಗ ತಾಗುತ್ತಿದ್ದ ಎಳೆ ತಾನಾಗಿ ದೂರ ಸರಿದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡು ಐದಾರು ತಿಂಗಳು ನೆಮ್ಮದಿಯಾಗಿದ್ದೆ ಕೂಡ.

ಮಳೆಗಾಲದಲ್ಲಿ ನನಗೆ ಜ್ವರ ಬಂದು ಎರಡು ವಾರ ಅಂಗಡಿ ಮುಚ್ಚಿದ್ದೆ. ರೇಡಿಯೋದ ಬ್ಯಾಟರಿ ನನ್ನ ಬಳಿಯೇ ಚಾರ್ಜಾಗದೆ ಬಿದ್ದಿತ್ತು, ಅಷ್ಟು ದಿನ ಆ ಪಡಸಾಲೆಯಲ್ಲಿ ಖಬರು ಇರಲಿಲ್ಲ. ಅಂಗಡಿ ತೆಗೆದ ದಿನ ಖಾಸೀಮ ಬಂದ. ಹೆಗಲ ಮೇಲೆ ಅದೇ ಕಟ್ಟಿಗೆಯ ಪೆಟ್ಟಿಗೆ, ಒಳಗೆ ಕಾರಿನ ಬ್ಯಾಟರಿ, ಸತ್ತು ತಣ್ಣಗಾಗಿತ್ತು. ಈ ಸಲ ವಕೀಲರು ಚೀಟಿ ಕಳಿಸಿರಲಿಲ್ಲ. ಖಾಸೀಮ ಅದನ್ನು ಮೇಜಿನ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ನನ್ನ ಮುಖ ನೋಡಿದ. ನಾನು ಅದನ್ನು ಬದಿಗೆ ಸರಿಸಿದೆ. ರೇಡಿಯೋದ್ದನ್ನು ಮೊದಲು ಚಾರ್ಜಿಗೆ ಹಚ್ಚಿದೆ.