ಗಾಳಿಯ ಮೇಲೆ ಹೊರಿಸಿದ ವಾಸನೆ

ನನ್ನವರು ಕೊಯಾಲಿ ತೈಲ ರಿಫೈನರಿಯ ಟೌನ್‌ಶಿಪ್ ಬಿಟ್ಟು, ರಿಟೈರ್ ಆಗಿ ವಡೋದರದ ಈ ಫ್ಲ್ಯಾಟಿಗೆ ಬಂದರೂ ಅಲ್ಲಿಯ ಒಂದು ರೂಢಿಯನ್ನು ಮಾತ್ರ ಬಿಡಲಿಲ್ಲ. ಎಲ್ಲಿಂದಲಾದರೂ ಘಾಟು ಬಂದರೆ ಸಾಕು, "ಗಾಳಿ ತಿರಿಗೇದ, ಕದಾ ಹಾಕು" ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಟೌನ್‌ಶಿಪ್ಪಿನ ಹೆಂಗಸರೆಲ್ಲ ಹಾಗೆಯೇ. ಮೊದಲು ಕದ, ಆಮೇಲೆ ಮಾತು.

ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅವರ ಗಂಡುಬೆಕ್ಕು. ಅದನ್ನು ನನ್ನದು ಎಂದು ನಾನೆಂದೂ ಅಂದವಳಲ್ಲ; ಯಾರಾದರೂ 'ನಿಮ್ಮ ಬೆಕ್ಕು' ಎಂದರೆ 'ನಮ್ಮವರದು' ಎಂದು ತಿದ್ದುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ನೀಟ್‌ನೆಸ್ಸಿಗೂ ಅದರ ಕೂದಲಿಗೂ ಆಗಿಬರುತ್ತಿರಲಿಲ್ಲ. ಅದು ತಿನ್ನುವುದು ಪೊಟ್ಟಣದ ಕ್ಯಾಟ್ ಫುಡ್, ಒಣ ಕಾಳು. ನೀರು ಮಾತ್ರ ಬಾಲ್ಕನಿಯಲ್ಲಿ, ಅವರ ಕುರ್ಚಿಯ ಪಕ್ಕದ ಸ್ಟೀಲ್ ಬೋಗುಣಿಯಲ್ಲೇ ಆಗಬೇಕು.

ಕಳೆದ ಮೇ ತಿಂಗಳಲ್ಲಿ ಮನೆಯೊಳಗೆ ಒಂದು ವಾಸನೆ ಶುರುವಾಯಿತು. ಕಣ್ಣು ಉರಿಯುವಂಥ ಅಮೋನಿಯಾ. ನನ್ನಷ್ಟಕ್ಕೆ ನಾನೇ "ಗಾಳಿ ತಿರಿಗೇದ" ಎಂದುಕೊಂಡು ಬಾಲ್ಕನಿಯ ಕದ ಹಾಕಿದೆ. ಅವರ ಮಾತನ್ನು ಬಾಯಲ್ಲಿ ಆಡಿದ್ದಕ್ಕೆ, ಸುಳ್ಳೇಕೆ, ಒಂದು ಕ್ಷಣ ಹಿತವೆನಿಸಿತು. ಮರುದಿನ ವಾಸನೆ ಹೆಚ್ಚಾಯಿತು, ಕಿಟಕಿಗಳನ್ನೂ ಹಾಕಿದೆ. ಮೂರು ದಿನ ಹೀಗೇ ಕಳೆಯಿತು.

ನಾಲ್ಕನೆಯ ದಿನ ಎದುರು ಮನೆಯ ಗುಜರಾತಿ ಹೆಂಗಸು ಢೋಕ್ಲಾ ಕೊಡಲು ಬಂದವಳು ಹೊಸ್ತಿಲಲ್ಲೇ ಸೆರಗು ಮೂಗಿಗೆ ಹಿಡಿದಳು. "ಮಾಸಿ, ಹೊರಗೆ ಗಾಳಿ ಚೆನ್ನಾಗೇ ಇದೆ. ಇದು ಬೆಕ್ಕು ಮಹಾರಾಜರ ಪ್ರಸಾದ!" ಎಂದು ಹಿಂದಿಯಲ್ಲಿ ಹೇಳಿ ನಕ್ಕಳು. ಆಮೇಲೆ ಒಳಗೆ ನೋಡಿ ನಗು ನಿಲ್ಲಿಸಿದಳು. ಬೆಕ್ಕು ಮರಳಿನ ಟ್ರೇಯಲ್ಲಿ ಕುಕ್ಕರಿಸಿ ತಿಣುಕುತ್ತಿತ್ತು. ಬಂದದ್ದು ಎರಡು ಹನಿ ಮೂತ್ರ, ಅಷ್ಟೇ.

ಬೆಕ್ಕನ್ನು ಎತ್ತಿಕೊಂಡು ಆಟೋದಲ್ಲಿ ಪ್ರಾಣಿಗಳ ಡಾಕ್ಟರ ಬಳಿ ಹೋದೆ. ಚಿಕ್ಕ ವಯಸ್ಸಿನ ಹುಡುಗಿ ಅವಳು. ಹೊಟ್ಟೆ ಒತ್ತಿ ನೋಡಿ, "ಆಂಟಿ, ಬ್ಲ್ಯಾಡರ್ ತುಂಬಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಮೂತ್ರದ ದಾರಿ ಕಟ್ಟಿಕೊಳ್ಳುತ್ತಾ ಇದೆ. ನಾಳೆ ಬಂದಿದ್ದರೆ ಟೂ ಲೇಟ್" ಎಂದಳು.

"ಈ ವಾಸನೆ ಯಾಕೆ, ಡಾಕ್ಟರ್?"

"ಬೀಜ ತೆಗೆಸದ ಗಂಡಾದರೆ ಹೀಗೇ ನಾರುತ್ತೆ, ಆದರೆ ಇವನಿಗೆ ತೆಗೆಸಿಯಾಗಿದೆ. ಇನ್‌ಫೆಕ್ಷನ್ ಇರಬಹುದು, ಟೆಸ್ಟ್ ಮಾಡ್ತೀನಿ. ಬರೀ ಒಣ ಕಾಳು ತಿಂದು ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಘಾಟು ಹೊಡೆಯುತ್ತೆ. ನೀರು ಎಷ್ಟು ಕುಡೀತಾನೆ?"

"ಬಾಲ್ಕನಿಯಲ್ಲಿ ಬೋಗುಣಿ..." ಎಂದವಳು ಅಲ್ಲಿಗೇ ನಿಂತೆ.

ಮೂರು ದಿನದಿಂದ ಆ ಕದ ಹಾಕಿತ್ತು. ಹಾಕಿದವಳು ನಾನೇ.

ಡಾಕ್ಟರ್ ನಳಿಕೆ ಹಾಕಿ ಮೂತ್ರ ತೆಗೆದು, ಬೆಕ್ಕನ್ನು ಎರಡು ದಿನ ತನ್ನಲ್ಲೇ ಇಟ್ಟುಕೊಂಡಳು. ಆ ಎರಡು ದಿನ ನಾನು ಬಾಲ್ಕನಿಯಲ್ಲಿ ಅವರ ಕುರ್ಚಿಯಲ್ಲಿ ಕೂತಿದ್ದೆ. ಬೋಗುಣಿಯ ನೀರು ಆರಿ, ತಳದಲ್ಲಿ ಬಿಳಿಯ ಗೆರೆ ಉಳಿದಿತ್ತು. ಅದನ್ನು ಉಜ್ಜಲು ಕೈ ಬರಲಿಲ್ಲ.

ಫೋನ್ ಬಂದಾಗ ಆ ಹುಡುಗಿ, "ಆಂಟಿ, ನಿಮ್ಮ ಬೆಕ್ಕನ್ನು ಕರೆದುಕೊಂಡು ಹೋಗಿ" ಎಂದಳು. ಈ ಸಲ ನಾನು ಅವಳ ಮಾತು ತಿದ್ದಲಿಲ್ಲ.

ಮೊನ್ನೆ ಸಂಜೆ ನಿಜವಾಗಿಯೂ ಹೊರಗಿನಿಂದ ಏನೋ ಘಾಟು ಬಂತು. ಅಭ್ಯಾಸಬಲ, ಎದ್ದು ಹೋದೆ. ಮೊದಲು ಬೋಗುಣಿಯನ್ನು ಒಳಗೆ ತಂದಿಟ್ಟೆ, ಪಕ್ಕಕ್ಕೆ ಅವರ ಕುರ್ಚಿಯನ್ನೂ ಎಳೆದೆ. ಬೆಕ್ಕು ಬಂದು ನೀರಿಗೆ ನಾಲಗೆ ಚಾಚಿದ್ದನ್ನು ನೋಡಿ, ಆಮೇಲೆ ಕದ ಹಾಕಿದೆ.